ಜೆಟ್ಟಿಗೆ ಕಟ್ಟಿದ ಬುತ್ತಿ

ಯಲಹಂಕ
19-11-1967

ಚಿ. ಸೌ. ಕೃಷ್ಣಮ್ಮನಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಆರೋಗ್ಯ. ನಾಗಸಂದ್ರದಲ್ಲಿ ನೀನೂ ಅಳಿಯ ಚಿಕ್ಕಬೈರಪ್ಪನೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಗೌರಿ ಹಬ್ಬ ಕಳೆದು ಎರಡು ತಿಂಗಳ ಮೇಲಾಯಿತು, ಈಗ ಬರೆಯುತ್ತಿದ್ದಾನೆ ಎಂದು ಬೈಕೋಬೇಡ. ನಾಲ್ಕು ಸಲ ಬರೆದು ಹರಿದೆ. ನಿಮ್ಮೂರಿನ ಟಪಾಲಿನವನು ಕಾಗದ ಬಿಚ್ಚಿ ಓದುತ್ತಾನೆಂದು ನನಗೆ ಗುಮಾನಿ. ಅದಕ್ಕೇ ಲಕೋಟೆಗೆ ಗೋಂದಿನ ಮೇಲೆ ಅನ್ನದ ಅಗುಳೂ ಹಚ್ಚಿದ್ದೇನೆ. ಬಿಚ್ಚಿದ ಗುರುತಿದ್ದರೆ ತಿಳಿಸು.

ಕಳೆದ ವಾರ ದಿಲ್ಲಿಯಿಂದ ದೊಡ್ಡವರು ಬಂದಿದ್ದರು. ಯಾರೆಂದು ಅಡುಗೆಯವರಿಗೆ ಹೇಳುವುದಿಲ್ಲ, ನಾವು ಕೇಳುವಂತೆಯೂ ಇಲ್ಲ. ವಾಪಸ್ಸು ಹೋಗುವಾಗ ವಿಮಾನದಲ್ಲಿ ಉಣ್ಣುವ ಊಟ ನಮ್ಮ ವಾಯುಪಡೆಯ ಮೆಸ್ಸಿನಿಂದ ಹೋಯಿತು. ನೀನು ಚಿಕ್ಕವಳಿದ್ದಾಗ ನಾನು ಬುತ್ತಿ ಕಟ್ಟುತ್ತಿದ್ದದ್ದು ಡಕೋಟಾ ವಿಮಾನಕ್ಕೆ. ಅದು ಮೋಡದೊಳಗೇ ಕುಲುಕಾಡುತ್ತಾ ಹೋಗುತ್ತಿತ್ತು. ಸಾರು ಕಳಿಸಿದರೆ ಮಂತ್ರಿಗಳ ಪಂಚೆಯ ಮೇಲೆ! ಹಾಗಾಗಿ ಪೂರಿ, ಗಟ್ಟಿ ಪಲ್ಯ, ಮೊಸರನ್ನ. ಆಮೇಲೆ ಪರದೇಶದ ರಾಜರೊಬ್ಬರು ಜೆಟ್ಟಿನಲ್ಲಿ ಬಂದಾಗ ಹೆಬ್ಬಾಳದವರೆಲ್ಲ ಗದ್ದೆ ಬಿಟ್ಟು ಆಕಾಶ ನೋಡಿದ್ದು ನೆನಪಿದೆಯಾ? "ಮುಂದ್ಗಡೆ ಫ್ಯಾನೇ ಇಲ್ವಂತಲ್ಲೋ, ಅದೆಂಗ್ ಆರ್ತದೆ? ಬುರುಡೆ ಬಿಡ್ಬ್ಯಾಡ" ಎಂದು ನಿನ್ನ ತಾತ ಪಿಳ್ಳಪ್ಪ ಸಾಯುವವರೆಗೂ ನನ್ನ ಮಾತು ನಂಬಲಿಲ್ಲ.

ಈಗ ನಮ್ಮ ಸರ್ಕಾರವೇ ದೊಡ್ಡವರ ಓಡಾಟಕ್ಕೆಂದು ರಷ್ಯಾದಿಂದ ಟುಪೊಲೆವ್ ಎಂಬ ಜೆಟ್ ತರಿಸಿದೆ. ಮೋಡದ ಮೇಲೆ ಹೋಗುವುದರಿಂದ ಸಾರು ಚೆಲ್ಲುವುದಿಲ್ಲ. ಅಷ್ಟು ಎತ್ತರದಲ್ಲಿ ನಾಲಿಗೆಗೆ ಉಪ್ಪು ಹತ್ತುವುದಿಲ್ಲವಂತೆ, ಒಂದು ಚಿಟಿಕೆ ಜಾಸ್ತಿಯೇ ಹಾಕುತ್ತೇನೆ.

ವಿಮಾನ ಬದಲಾಯಿತು, ಅನುಮಾನ ಬದಲಾಗಲಿಲ್ಲ. ಒಲೆಯಿಂದ ಇಳಿಸಿದ್ದನ್ನೆಲ್ಲ ನಾನು ಡಾಕ್ಟರ ಎದುರು ಒಂದೊಂದು ತುತ್ತು ತಿನ್ನಬೇಕು. ಅವರು ಅರ್ಧ ಗಂಟೆ ಕೈಗಡಿಯಾರವನ್ನೂ ನನ್ನ ಮುಖವನ್ನೂ ನೋಡುತ್ತಾ ಕೂರುತ್ತಾರೆ. ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ಆಮೇಲೆ ಡಬ್ಬಿಗಳಿಗೆ ಅರಗಿನ ಮೊಹರು. ಮಾಂಸ ತಂದುಕೊಡುವ ಲಾಲ್ ಸಾಬ್ ನಗುತ್ತಾನೆ: "ಅಣ್ಣಾ, ನಿಮ್ ಒಟ್ಟೆ ಈಗ ಸರ್ಕಾರಿ ಆಸ್ತಿ ಕಣಣ್ಣಾ, ಉಷಾರು!" ಆದರೆ ಅವನು ನಗುವುದು ನನಗೆ ಸರಿಬರುವುದಿಲ್ಲ. ಯಾಕೆ ನಗುತ್ತಾನೆ? ಹದಿನೇಳು ವರ್ಷ ಹೀಗೆ ಬದುಕಿದವನಿಗೆ ಹಾಲಿನವನ ಚೊಂಬಿನ ಮೇಲೂ ಕಣ್ಣು.

ಆ ಚಾಳಿಯಿಂದಲೇ ಹಬ್ಬದ ದಿನ ಎಡವಟ್ಟಾಯಿತು. ನಿನ್ನ ಅತ್ತೆ, ನನ್ನ ತಂಗಿ ಯಲ್ಲಮ್ಮ ಮಾಡಿಕೊಟ್ಟ ಕರಿಗಡುಬನ್ನು ನೀನು ಅಷ್ಟು ಸಂತೋಷದಿಂದ ತಂದೆ. ನಾನು ಡಬ್ಬಿ ಮುಚ್ಚಳ ತೆಗೆದು, "ಮೊದ್ಲು ನೀನ್ ಒಂದ್ ತಿನ್ನಮ್ಮ" ಅಂದುಬಿಟ್ಟೆ. ನೀನು ನನ್ನ ಮುಖವನ್ನೇ ನೋಡುತ್ತಾ ಒಂದು ತಿಂದೆ. ನನ್ನ ಕಣ್ಣು ಗೋಡೆಯ ಗಡಿಯಾರದ ಕಡೆ ಹೋಯಿತು. ಅದನ್ನೂ ನೀನು ನೋಡಿದೆ. ಬಾಗಿನವನ್ನೂ ಮುಟ್ಟದೆ ಬಸ್ಸು ಹತ್ತಿದೆ. ಕಸುಬಿನ ಚಾಳಿ ಕಣಮ್ಮ, ಬಾಯಿ ತಪ್ಪಿ ಬಂದ ಮಾತು. ಗಂಗಾನಗರದ ಬಾವಿ ಹೊಲದಲ್ಲಿ ನಿನ್ನ ಅತ್ತೆ ಪಾಲು ಕೇಳಿದ್ದು, ನಾನು ಕೊಡುವುದಿಲ್ಲವೆಂದದ್ದು ಅಣ್ಣ ತಂಗಿಯರ ವ್ಯವಹಾರ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ನಿನ್ನ ಅಮ್ಮ ಅವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ದಿನಾ ತಟ್ಟೆ ಇಡುತ್ತಾಳೆ, ನನ್ನ ಮುದ್ದೆಯಿಂದ ಒಂದು ತುಣುಕು ಮುರಿದು ತಾನು ನುಂಗಿ, "ಈಗ ಉಣ್ಣಿ" ಎಂದು ಎದ್ದು ಹೋಗುತ್ತಾಳೆ. ಎರಡು ತಿಂಗಳಿಂದ ಇದೇ ಶಿಕ್ಷೆ.

ಮೊನ್ನೆ ಯಶವಂತಪುರದ ಸಂತೆಯಲ್ಲಿ ಚಿಕ್ಕಬೈರಪ್ಪ ಸಿಕ್ಕಿದ್ದ. "ಮಾವ, ಅವ್ಳು ಬರಾಕಿಲ್ಲ ಅಂತಾಳೆ. ಎರಿಗೆ ಇಲ್ಲೇ ಆಗ್ಲಂತೆ" ಎಂದು ತಲೆ ತಗ್ಗಿಸಿಕೊಂಡು ಹೇಳಿದ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗದಿದ್ದರೆ ನಿನ್ನ ಅಮ್ಮ ಉಳಿಯುವುದಿಲ್ಲ, ನಾನೂ ಅಷ್ಟೆ. ಏಳು ತುಂಬಿದೆ. ಗುರುವಾರ ಬೆಳಿಗ್ಗೆ ನಾನೇ ಗಾಡಿ ಮಾಡಿಕೊಂಡು ಬರುತ್ತೇನೆ. ಬಾಗಿಲಲ್ಲಿ ನಿಲ್ಲಿಸಿ ಬೈದರೂ ಸರಿ, ಬರುವುದಿಲ್ಲವೆಂದು ಮಾತ್ರ ಅನ್ನಬೇಡ.

ನಿನ್ನ ಹೊಟ್ಟೆ ತಣ್ಣಗಿರಲಿ, ತಾಯಿ ಮಗು ಎರಡು ಜೀವವೂ ನೂರು ಕಾಲ ಬಾಳಲಿ.

ಇಂತಿ ನಿನ್ನ ತಂದೆ,
ಮುನಿವೆಂಕಟಯ್ಯ

ವಿ. ಸೂ.: ಇದನ್ನು ನೀನೊಬ್ಬಳೇ ಓದು. ಕಸುಬಿನ ಚಾಳಿ ಎಂದು ಮೇಲೆ ಬರೆದದ್ದು ಸುಳ್ಳು. ಕಸುಬಿನಲ್ಲಿ ಮೊದಲು ತಿನ್ನುವವನು ನಾನು, ಹದಿನೇಳು ವರ್ಷದಲ್ಲಿ ಒಂದು ದಿನವೂ ಆ ತುತ್ತನ್ನು ಇನ್ನೊಬ್ಬರ ಬಾಯಿಗೆ ಇಟ್ಟವನಲ್ಲ. ಹಬ್ಬಕ್ಕೆ ನಾಲ್ಕು ದಿನ ಮುಂಚೆ ಯಲ್ಲಮ್ಮ ಬಾವಿ ಹೊಲದಲ್ಲಿ ಹಿಡಿಮಣ್ಣು ತೂರಿ, "ನಿನ್ ಮನೆ ಆಳಾಗೋಗ" ಎಂದು ಶಾಪ ಹಾಕಿದ್ದಳು. ಕಡುಬಿನಲ್ಲಿ ಏನೋ ಬೆರೆಸಿ ಕಳಿಸಿದ್ದಾಳೆಂದು ಅವತ್ತು ನಾನು ನಿಜವಾಗಿ ನಂಬಿದ್ದೆ. ನೀನು ಐದು ತಿಂಗಳ ಬಸುರಿ ಎಂದೂ ಗೊತ್ತಿತ್ತು. ಎರಡೂ ಗೊತ್ತಿದ್ದು, ನಿನಗೇ ತಿನ್ನು ಅಂದೆ.