ಬಾವಿಯಲ್ಲಿ ಸಿಕ್ಕಿಕೊಂಡ ರಾಜಕುಮಾರ

ಆಗಸ್ಟ್ ೧೨, ೧೯೯೭, ಮಂಗಳವಾರ

ರಾಜಕುಮಾರ ಇನ್ನೂ ಬಾವಿಯಲ್ಲೇ ಇದ್ದಾನೆ. ನನಗೆ ಊಟ ಸೇರಲಿಲ್ಲ.

ಮಾಯಮ್ಮಜ್ಜಿಯ ಈ ಕಥೆ ವಿರೂಪಾಕ್ಷಿಪುರದಲ್ಲಿ ಇನ್ನಾರಿಗೂ ಬಾರದು. ಅದಕ್ಕೇ ರೇಷ್ಮೆ ಸೊಸೈಟಿಯ ಕಂಪ್ಯೂಟರಿನಲ್ಲಿ, ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಿಂಗಳಿಂದ ಟೈಪ್ ಮಾಡುತ್ತಿದ್ದೇನೆ. ಇವತ್ತು ರಾಜಕುಮಾರ ಬಾವಿಗೆ ಬಿದ್ದ, ಕಂಪ್ಯೂಟರು ಅಲ್ಲಿಗೇ ನಿಂತಿತು. ಅದರಲ್ಲಿರುವ ಕನ್ನಡ ಟೈಪಿಂಗ್ ತಂತ್ರಾಂಶ ಹಳೆಯ ಆವೃತ್ತಿ. ಒಂದು ಫೈಲಿಗೆ ಅರವತ್ತನಾಲ್ಕು ಕೆಬಿ, ಮೇಲೆ ಒಂದಕ್ಷರವೂ ಹಿಡಿಯದು. ಚನ್ನಪಟ್ಟಣದ ಅಂಗಡಿಯಲ್ಲಿರುವ ಹೊಸದಕ್ಕೆ ಈ ಮಿತಿ ಇಲ್ಲವಂತೆ.

"ಫೈಲ್ ತುಂಬೋಯ್ತು ಕಣಜ್ಜಿ. ಕಾಡಿನ ವರ್ಣನೆ ಒಸಿ ಕಿತ್ತಾಕ್ಲಾ?"

"ರೇಷ್ಮೆ ಹುಳ ದಪ್ಪ ಆದ್ರೆ ಕೊಯ್ದಾಕ್ತೀಯೇನ್ಲಾ? ಇನ್ನೊಂದ್ ತಟ್ಟೆಗೆ ಬುಡಲ್ವಾ?"

ಕಂಪ್ಯೂಟರ್ ಕ್ಲಾಸಿಗೆ ಹೋಗಿ ಬಂದವನು ನಾನು! ನಾಚಿಕೊಂಡು ಎರಡನೇ ಫೈಲು ತೆರೆದೆ. ಅಜ್ಜಿ ಅದಕ್ಕೂ ಒಪ್ಪಲಿಲ್ಲ.

"ಪೊರೆ ಬುಡೋಕೆ ಜ್ವರಕ್ಕೆ ಕೂತ ಹುಳಾನ ಯಾರ್ಲಾ ತಟ್ಟೆ ಬದಲಾಯಿಸ್ತಾರೆ? ಕಷ್ಟದಲ್ಲಿರೋನ್ನ ನಡುವೆ ಬುಟ್ಟು ಕತೆ ನಿಲ್ಲಿಸಬಾರ್ದು. ಅವ್ನು ಉಂಡು ನೆಮ್ಮದಿಯಾಗಿರೋ ಕಡೆ ಮುರಿ. ಅಲ್ಲೀಗಂಟ ನಾನು ಮುಂದಕ್ಕೆ ಹೇಳಕಿಲ್ಲ."

ಸರಿ, ಅಂಥ ಜಾಗ ಹುಡುಕುತ್ತಾ ಹಿಂದಕ್ಕೆ ಓದುತ್ತಾ ಹೋದೆ. ಬಾವಿಗೆ ಮೊದಲು ಬಾಯಾರಿಕೆ, ಅದಕ್ಕೆ ಮೊದಲು ಹುಲಿ, ಅದಕ್ಕೂ ಮೊದಲು ಕಳ್ಳರು, ಮಲತಾಯಿಯ ಶಾಪ. ಅಜ್ಜಿ ಈ ಹುಡುಗನಿಗೆ ಒಂದು ಹೊತ್ತು ನೆಟ್ಟಗೆ ಕೂತು ಉಣ್ಣುವುದಕ್ಕೂ ಬಿಟ್ಟಿಲ್ಲ. ಕೊನೆಗೆ ಅವನು ನೆಮ್ಮದಿಯಾಗಿ ಸಿಕ್ಕಿದ. ಮೊದಲನೇ ಪುಟದ ನಾಲ್ಕನೇ ಸಾಲಿನಲ್ಲಿ, ಹಾಲು ಕುಡಿದು ತೊಟ್ಟಿಲಲ್ಲಿ ಮಲಗಿದ್ದಾನೆ.

ಅಲ್ಲಿ ಮುರಿದರೆ ಎರಡನೇ ಫೈಲೂ ಇದೇ ಬಾವಿಯ ಹತ್ತಿರವೇ ತುಂಬಿ ನಿಲ್ಲುತ್ತದೆ, ರಾಜಕುಮಾರ ಮತ್ತೆ ಬಾವಿಯಲ್ಲೇ...