ಉದುರದ ಬ್ರೆಡ್ಡು

ಬೇಕರಿಯ ಹಿಂದಿನ ಕೋಣೆ,
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಮಗಳೇ,

ನಾನು ಚೆನ್ನಾಗಿದ್ದೇನೆ. ನೀನು ಹೇಗಿದ್ದೀಯ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಅಳಿಯಂದಿರ ಆರೋಗ್ಯ ಕೇಳುವ ಹಾಗೇ ಇಲ್ಲ ಬಿಡು. ನಿನ್ನ ಪತ್ರದ ಮುಕ್ಕಾಲು ಪಾಲು ಅವರ ಹೊಟ್ಟೆಯ ಸಮಾಚಾರವೇ ಇತ್ತು.

ನಿನ್ನ ಗಂಡ ಮತ್ತೆ ಆರು ಕಿಲೋ ಇಳಿದಿದ್ದಾನೆ, ನಾಲ್ಕು ಮೆಟ್ಟಿಲು ಹತ್ತಿದರೆ ಕುಸಿದು ಕೂರುತ್ತಾನೆ, ಶಾಲೆಯಲ್ಲಿ ನಿಂತು ಪಾಠ ಮಾಡಲಾಗದೆ ರಜೆ ಹಾಕಿದ್ದಾನೆ ಎಂದು ಬರೆದಿದ್ದೀಯ. ಗೋಧಿ ಎಲ್ಲಿಂದಲೋ ಒಳಗೆ ಹೋಗುತ್ತಲೇ ಇದೆ ಎಂದು ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಹೇಳಿದರಂತೆ. ನಿನ್ನ ಮನೆಯಲ್ಲಿ ಗೋಧಿಯ ಡಬ್ಬಿಯೇ ಇಲ್ಲ. ಹಾಗಾದರೆ ಎಲ್ಲಿಂದ ಎಂದು ನಾನು ಬಾಯಿಬಿಟ್ಟು ಹೇಳಬೇಕೇ? ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲವೇ? "ನಿನ್ನಾಣೆ, ಹೊರಗೆ ಒಂದು ಚೂರೂ ಮುಟ್ಟಿಲ್ಲ ಕಣೇ" ಎಂದು ಅತ್ತನಂತೆ. ಅಳುವ ಗಂಡಸನ್ನು ನಂಬಬೇಡ. ನೀನು ಅವನ ಚೀಲ ಶೋಧಿಸಿದ್ದು, ಹಾಸಿಗೆ ಬೇರೆ ಮಾಡಿದ್ದು ಒಳ್ಳೆಯದೇ ಆಯಿತು.

ಮದುವೆಯ ಮಾರನೆಯ ದಿನ ನನ್ನ ಬ್ರೆಡ್ಡನ್ನು ತಟ್ಟೆಯ ಅಂಚಿಗೆ ಸರಿಸಿ, "ಮಾವಾ, ಗೋಧಿಯ ಗ್ಲುಟೆನ್ ನನ್ನ ಕರುಳಿಗೆ ವಿಷ" ಅಂದವನು ಅವನು. ನಲವತ್ತು ವರ್ಷ ಈ ಕೈ ನಾದಿದ್ದು ಆ ಗ್ಲುಟೆನ್ನನ್ನೇ. ಹಿಟ್ಟು ಎಳೆದರೆ ಹರಿಯದೆ ಹಿಗ್ಗುವುದು, ಬ್ರೆಡ್ಡು ಉಬ್ಬಿ ನಿಲ್ಲುವುದು ಅದರಿಂದ. ನೀನು ಬೆಳೆದದ್ದೂ ಅದನ್ನೇ ತಿಂದು. ಅವತ್ತೇ ಅವನ ಮುಖ ಕಂಡರಾಗದಂತಾಯಿತು. ಆದರೂ ನಿನ್ನ ಮುಖ ನೋಡಿ ಆರು ತಿಂಗಳಿಂದ ವಾರವಾರವೂ ಅವನಿಗೆಂದೇ ಅಕ್ಕಿಹಿಟ್ಟಿನ ಬ್ರೆಡ್ಡು ಸುಟ್ಟು ಕಳಿಸುತ್ತಿದ್ದೇನೆ.

ಈಚೆಗೆ ಹಿಟ್ಟು ನಾದುವಾಗ ಬೇಗ ದಣಿಯುತ್ತೇನೆ. ನಿನ್ನಷ್ಟು ಹದ ತಿಳಿದವರು ಇಲ್ಲಿ ಯಾರೂ ಇಲ್ಲ. ನಿನ್ನ ಏಪ್ರನ್ ಒಗೆದು ಮೊಳೆಗೆ ಹಾಕಿದ್ದೇನೆ. ರೋಗಿಷ್ಠನನ್ನು ನೋಡಿಕೊಳ್ಳಲು ಅವನ ತಾಯಿ ಇದ್ದಾಳೆ. ಬಂದುಬಿಡು ಕಂದಾ.

ನಿನ್ನ ಹೊಟ್ಟೆ ತಣ್ಣಗಿರಲಿ, ಕೈಯಲ್ಲಿ ಕಸುವಿರಲಿ.

ನಿನ್ನ ಅಪ್ಪ

ತಾ.ಕ.: ಮರೆತಿದ್ದೆ. ನೀನು ಮಾಡುವ ಅಕ್ಕಿಹಿಟ್ಟಿನ ಬ್ರೆಡ್ಡು ಪುಡಿಪುಡಿಯಾಗುತ್ತದೆ, ನನ್ನದು ಮಾತ್ರ ಉದುರುವುದಿಲ್ಲ, ಏನು ಗುಟ್ಟು ಎಂದು ಕೇಳಿದ್ದೆಯಲ್ಲ. ಹಿಂದಿನ ದಿನ ನಾದಿದ ಹಿಟ್ಟಿನಿಂದ ಒಂದು ಮುಷ್ಟಿ ಎತ್ತಿಟ್ಟು, ಉಬ್ಬಲೆಂದು ಮರುದಿನದ್ದಕ್ಕೆ ಸೇರಿಸುವುದು ನಮ್ಮ ಬೇಕರಿಯ ಪದ್ಧತಿ. ಚಿಕ್ಕವಳಿದ್ದಾಗ ಆ ಉಂಡೆಗೆ 'ಅಜ್ಜಿ' ಎಂದು ನೀನೇ ಹೆಸರಿಟ್ಟಿದ್ದೆ. ಆ ಗೋಧಿ ಅಜ್ಜಿಯನ್ನು ಮೊದಲ ವಾರದಿಂದಲೇ ಅವನ ಬ್ರೆಡ್ಡಿಗೂ ಹಾಕುತ್ತಿದ್ದೇನೆ. ತಿಳಿದೇ ಹಾಕಿದೆ. ಅವನಿಗೆ ಹೇಳಬೇಕೆನಿಸಿದರೆ ಹೇಳು. ಆಗ, ದಿನಾ ಬೆಳಿಗ್ಗೆ ಅದನ್ನು ಕೊಯ್ದು, ಬೆಣ್ಣೆ ಸವರಿ, "ತಿನ್ನಿ, ಅಪ್ಪ ಕಳಿಸಿದ್ದು" ಎಂದು ಅವನ ಕೈಗಿಟ್ಟವಳು ನೀನು ಎಂಬುದನ್ನೂ ಹೇಳಬೇಕಾಗುತ್ತದೆ.