ಡಬ್ ಪಟ್ಟಿಯಲ್ಲಿ ಅಮ್ಮ

ಅಪ್ಪನಿಗೆ,

ನಾನು ಕೆಲಸ ಮಾಡುವ ಗ್ರಂಥಾಲಯದ ಡಬ್ ಸಂಗೀತಗಾರರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲವೆಂದು ಮುಖ್ಯಸ್ಥರಿಗೆ ದೂರು ಕೊಟ್ಟಿದ್ದೀರಂತೆ. ಬಿಟ್ಟದ್ದು ನಾನೇ.

ಡಬ್ ಎಂದರೆ ಹಾಡಿದ್ದನ್ನು ಕಳಚಿ, ಡ್ರಮ್ಮು, ಬೇಸು, ಪ್ರತಿಧ್ವನಿಗಳಿಂದ ಮತ್ತೆ ಕಟ್ಟುವುದು. ನೀವು ಹಾಡಿದಿರಿ, ಚೆನ್ನಾಗಿಯೇ ಹಾಡಿದಿರಿ. ಕಟ್ಟಿದವಳು ಅಮ್ಮ. ಅವಳು ನಿಮ್ಮ ದನಿಯನ್ನು ಅರ್ಧಕ್ಕೇ ನಿಲ್ಲಿಸಿದ ದಿನ, "ಗುಂಡಿ ತಿರುಗಿಸೋರೆಲ್ಲ ಕಲಾವಿದ್ರಾ?" ಎಂದು ಸ್ಟುಡಿಯೋದಲ್ಲಿ ಎಲ್ಲರೆದುರು ನಕ್ಕಿರಿ. ಅವಳು ಹೆಡ್‌ಫೋನ್ ತೆಗೆಯದೆ ಕೆಲಸ ಮುಗಿಸಿದಳು. ಜನ ಕುಣಿದದ್ದು ಅದಕ್ಕೇ. ರೆಕಾರ್ಡಿನ ಮೇಲೆ ಮಾತ್ರ ನಿಮ್ಮೊಬ್ಬರದೇ ಹೆಸರು ಬಂತು.

ಅಮ್ಮ ಬದುಕಿದ್ದರೆ "ಹೋಗ್ಲಿ ಬಿಡೇ" ಅನ್ನುತ್ತಿದ್ದಳು. ನಾನು ಬಿಡುವುದಿಲ್ಲ. ಮುಖ್ಯಸ್ಥರು ಹೇಳಿದರೂ ಪಟ್ಟಿ ತಿದ್ದುವುದಿಲ್ಲ.

ಪಟ್ಟಿಯಲ್ಲಿ ಅಮ್ಮನ ಹೆಸರಿನ ಪಕ್ಕ ಹಾಕಲು ಅವಳದೊಂದು ಫೋಟೋ ಬೇಕು. ನನ್ನಲ್ಲಿರುವ ಎಲ್ಲದರಲ್ಲೂ ನಿಮ್ಮ ಹಿಂದೆ ನಿಂತಿದ್ದಾಳೆ. ಒಬ್ಬಳೇ ಇರುವುದಿದ್ದರೆ ಕಳಿಸಿ. ಇಲ್ಲವಾದರೆ ಇರುವುದಕ್ಕೇ ಕತ್ತರಿ ಹಾಕುತ್ತೇನೆ.

ಅವಳ ಮಗಳು,
ನಿಮ್ಮದೂ ಹೌದು